ಸಂಬಳದ ಚೀಟಿ ಯಾರ ಕೈಯಲ್ಲಿದೆ?

(ಮೂಡಲಪಾಳ್ಯದ ಸ್ವಸಹಾಯ ಸಂಘಗಳ ಸದಸ್ಯೆಯರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ಭಾನುವಾರ. ವಾರದ ಬಟ್ಟೆ ಒಗೆಯುವ ದಿನ, ಮಕ್ಕಳ ತಲೆಗೆ ಎಣ್ಣೆ ಹಚ್ಚುವ ದಿನ, ಸೋಮವಾರಕ್ಕೆ ಹಿಟ್ಟು ರುಬ್ಬುವ ದಿನ. ಕೆಲವರು ಅದನ್ನೆಲ್ಲ ಮುಗಿಸಿ, ಕೆಲವರು ಅರ್ಧಕ್ಕೇ ಬಿಟ್ಟು ಬಂದಿದ್ದೀರಿ. ಹಾಗಾಗಿ ಸುತ್ತಿ ಬಳಸಿ ಮಾತಾಡಿ ನಿಮ್ಮ ಹೊತ್ತು ಕಳೆಯುವುದಿಲ್ಲ.

ನಾನು ವಕೀಲಳಲ್ಲ. ಹದಿನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದವಳು. ಕಾನೂನು ಕಲಿತದ್ದು ಕಾಲೇಜಿನಲ್ಲಲ್ಲ. ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಪಿ.ಎಫ್. ಕಚೇರಿಯ ಸಾಲಿನಲ್ಲಿ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಮೆಟ್ಟಿಲ ಮೇಲೆ ಕೂತು ಕಲಿತದ್ದು. ತಪ್ಪು ಕಂಡರೆ ಅಲ್ಲೇ ತಡೆದು ಕೇಳಿ.

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿ ಸಂಬಳಕ್ಕೆ ಹೋಗುವವರು ಎಷ್ಟು ಜನ? ಕೈ ಎತ್ತಿ. ಸರಿ, ಹೆಚ್ಚುಕಮ್ಮಿ ಅರ್ಧ ಸಭೆ. ಕಳೆದ ತಿಂಗಳ ಸಂಬಳದ ಚೀಟಿಯನ್ನು ಕಣ್ಣಾರೆ ನೋಡಿದವರು? ಏಳು, ಎಂಟು. ಬ್ಯಾಂಕಿನ ಕಾರ್ಡು ತಮ್ಮ ಹತ್ತಿರವೇ ಇರುವವರು? ನೋಡಿ, ಈಗ ಕೈ ಎತ್ತುವ ಮೊದಲು ಪಕ್ಕದವಳ ಮುಖ ನೋಡುತ್ತಿದ್ದೀರಿ. ಇವತ್ತಿನ ನನ್ನ ಮಾತೆಲ್ಲ ಆ ನೋಟದ ಬಗ್ಗೆಯೇ.

ನನ್ನ ಲೈನಿನಲ್ಲಿ ಕಫ್ ಹೊಲಿಯುತ್ತಿದ್ದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಹೆಸರು ಬೇಡ. ಅವಳನ್ನು ನೋಡಲು ಬಂದ ಗಂಡಿನ ಕಡೆಯವರು, "ನಮಗೆ ವರದಕ್ಷಿಣೆ ಗಿರದಕ್ಷಿಣೆ ಏನೂ ಬೇಡಮ್ಮ, ಹುಡುಗಿ ಕೆಲಸಕ್ಕೆ ಹೋಗ್ತಾಳಲ್ಲ, ಅಷ್ಟು ಸಾಕು" ಅಂದರಂತೆ. ಇಂಥ ಒಳ್ಳೆಯ ಜನ ಸಿಕ್ಕರಲ್ಲ ಎಂದು ಅವಳ ತಾಯಿ ದೇವರಿಗೆ ಕಾಯಿ ಒಡೆಸಿದಳು. ಮದುವೆಯಾದ ಮೊದಲ ತಿಂಗಳೇ ಬ್ಯಾಂಕಿನ ಕಾರ್ಡು ಗಂಡನ ಜೇಬು ಸೇರಿತು. ಖಾತೆಗೆ ಕೊಟ್ಟ ಮೊಬೈಲ್ ನಂಬರ್ ಕೂಡ ಅವನದೇ ಆಯಿತು. ಸಂಬಳ ಬಂದ ಸುದ್ದಿ ಇವಳಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಬಸ್ ಚಾರ್ಜಿಗೆ ದಿನವೂ ಅವನ ಮುಂದೆ ಕೈ ಚಾಚಬೇಕು. ಓವರ್‌ಟೈಮ್ ಮಾಡಿ ತಡವಾದರೆ ಅನುಮಾನದ ಮಾತು, ಮಾಡದಿದ್ದರೆ "ದುಡ್ಡು ಕಮ್ಮಿ ಯಾಕೆ" ಎಂಬ ಹೊಡೆತ.

ಲೆಕ್ಕ ಹಾಕೋಣ. ತಿಂಗಳಿಗೆ ಹತ್ತು ಸಾವಿರವೆಂದೇ ಇಟ್ಟುಕೊಳ್ಳಿ. ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಏಳು ವರ್ಷಕ್ಕೆ ಎಂಟು ಲಕ್ಷ ನಲವತ್ತು ಸಾವಿರ. ಇಷ್ಟು ಹಣವನ್ನು ಯಾವ ಬಡ ತಂದೆ ಮದುವೆಯ ಮಂಟಪದಲ್ಲಿ ಎಣಿಸಿ ಕೊಡಬಲ್ಲ? ಏಳು ವರ್ಷವೆಂದೇ ಯಾಕೆ ಹೇಳಿದೆ ಎಂದರೆ, ವರದಕ್ಷಿಣೆ ಸಾವಿನ ಕಾನೂನು ಮದುವೆಯಾದ ಏಳು ವರ್ಷದ ಒಳಗಿನ ಸಾವನ್ನು ಎಣಿಸುತ್ತದೆ. ನಾನು ಇದಕ್ಕೆ ಕಂತಿನ ವರದಕ್ಷಿಣೆ ಎಂದು ಹೆಸರಿಟ್ಟಿದ್ದೇನೆ. ಫ್ರಿಜ್ಜು, ಸ್ಕೂಟರು, ಚಿನ್ನದ ಸರ ಕೇಳಿದರೆ ನೆರೆಹೊರೆಯವರಿಗೆ ಕಾಣುತ್ತದೆ. ಸಂಬಳ ತಿಂದದ್ದು ಯಾರಿಗೂ ಕಾಣುವುದಿಲ್ಲ. "ಗಂಡ ಹೆಂಡತಿ ದುಡ್ಡಿನಲ್ಲಿ ನಿಂದು ನಂದು ಅಂತ ಏನಮ್ಮ?" ಎಂದು ಮುಗಿಸುತ್ತಾರೆ. ಗಂಡನ ಸಂಬಳದ ಕಾರ್ಡು ಹೆಂಡತಿಯ ಕೈಯಲ್ಲಿರುವ ಮನೆ ಈ ಬೀದಿಯಲ್ಲಿ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ.

ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರಬಹುದು, ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡು. ಚಿಕ್ಕ ಚಿಕ್ಕ ವಯಸ್ಸಿನ ಸೊಸೆಯಂದಿರು ಬಂದು ಸಾಯುತ್ತಿದ್ದರು. ಕಾಗದದಲ್ಲಿ ಬರೆಯುತ್ತಿದ್ದುದು "ಸ್ಟೌವ್ ಸಿಡಿದು" ಎಂದು. ವಿಮೋಚನಾದ ಹೆಣ್ಣುಮಕ್ಕಳು ಆ ವಾರ್ಡಿಗೆ ಹೋಗಿ, ಸಾವುಗಳ ಬೆನ್ನು ಹತ್ತಿ, ಅಪಘಾತವೆಂದು ಮುಚ್ಚಿಹೋಗುತ್ತಿದ್ದ ಕಡತಗಳನ್ನು ಬೀದಿಗೆ ತಂದರು. ಅತ್ತೆಯ ಸೀರೆಗೆ ಎಂದೂ ಹತ್ತದ ಬೆಂಕಿ ಸೊಸೆಯ ಸೀರೆಗೇ ಯಾಕೆ ಹತ್ತುತ್ತದೆ ಎಂಬ ಪ್ರಶ್ನೆಗೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ. ಸೀಮೆಎಣ್ಣೆ ಸ್ಟೌವ್ ಮನೆಗಳಿಂದ ಹೋಯಿತು. ಹಣದ ಆಸೆ ಹೋಗಲಿಲ್ಲ.

ಕಾನೂನು ಏನು ಮಾಡಿತು? ವರದಕ್ಷಿಣೆ ನಿಷೇಧ ಕಾಯ್ದೆ ೧೯೬೧ರಲ್ಲಿ ಬಂತು. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ ೪೯೮ಎ ಕಲಂ ೧೯೮೩ರಲ್ಲಿ, ವರದಕ್ಷಿಣೆ ಸಾವಿನ ೩೦೪ಬಿ ಕಲಂ ೧೯೮೬ರಲ್ಲಿ ಬಂದವು. ಈ ನಂಬರುಗಳನ್ನು ನಾವೆಲ್ಲ ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದೆವು. ಈಗ ನಂಬರು ಬದಲಾಗಿದೆ. ೨೦೨೪ರ ಜುಲೈ ೧ರಿಂದ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ೪೯೮ಎ ಈಗ ೮೫ ಮತ್ತು ೮೬ನೇ ಕಲಂ. ೩೦೪ಬಿ ಈಗ ೮೦ನೇ ಕಲಂ. ಜೀವನಾಂಶದ ೧೨೫ನೇ ಕಲಂ ಈಗ ನಾಗರಿಕ ಸುರಕ್ಷಾ ಸಂಹಿತೆಯ ೧೪೪. ಆ ಜುಲೈಗಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ಕಲಂ ಅನ್ವಯಿಸುತ್ತದೆ. ಠಾಣೆಯಲ್ಲಿ ಯಾರಾದರೂ "೪೯೮ಎ ಎಲ್ಲಾ ತೆಗೆದುಬಿಟ್ರಮ್ಮ" ಎಂದರೆ ಎದ್ದು ಬರಬೇಡಿ. ತೆಗೆದಿಲ್ಲ. ಮನೆ ನಂಬರು ಬದಲಾಗಿದೆ, ಮನೆ ಅಲ್ಲೇ ಇದೆ.

ಆದರೆ ನನ್ನ ಗೆಳತಿಯ ಪ್ರಶ್ನೆ ಬೇರೆ. ಸಂಬಳ ಕಿತ್ತುಕೊಳ್ಳುವುದು, "ವ್ಯಾಪಾರಕ್ಕೆ ದುಡ್ಡು ತಾ" ಎನ್ನುವುದು, "ಪಿ.ಎಫ್. ತೆಗೆದು ಕೊಡು" ಎನ್ನುವುದು ವರದಕ್ಷಿಣೆಯೇ? ೨೦೦೭ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಮನೆಖರ್ಚಿಗೋ ಹಣದ ಮುಗ್ಗಟ್ಟಿಗೋ ಕೇಳಿದ ದುಡ್ಡನ್ನು ವರದಕ್ಷಿಣೆ ಎನ್ನಲಾಗದು ಎಂದಿತ್ತು. ಎಷ್ಟೋ ಗಂಡಂದಿರು ಆ ಒಂದು ಮಾತಿನ ಮರೆಯಲ್ಲಿ ನಿಂತರು. ೨೦೧೫ರಲ್ಲಿ ರಾಜಿಂದರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಮದುವೆಗೆ ಮೊದಲಾಗಲಿ ಆಮೇಲಾಗಲಿ ಕೇಳಿದ ಹಣಕ್ಕೂ ಹೆಂಗಸಿನ ಸಾವಿಗೂ ಸಂಬಂಧವಿದ್ದರೆ, ಬೇರೆ ಕಾರಣ ಕಾಣದ ಹೊರತು ಅದು ವರದಕ್ಷಿಣೆಯೇ ಎಂದಿತು. ೨೦೨೨ರ ಜನವರಿಯಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಮನೆ ಕಟ್ಟಲು ತವರಿನಿಂದ ಹಣ ತಾ ಎಂದದ್ದೂ ವರದಕ್ಷಿಣೆ ಎಂದಿತು.

ಇವೆಲ್ಲ ಸತ್ತವರ ತೀರ್ಪುಗಳು. ಹೆಂಗಸು ಸತ್ತ ಮೇಲೆ ಅವಳು ಕೇಳಿಸಿಕೊಂಡ ಮಾತಿನ ಅರ್ಥವೇನೆಂದು ನ್ಯಾಯಮೂರ್ತಿಗಳು ಚರ್ಚಿಸಬೇಕಾಯಿತು. ಬದುಕಿರುವಾಗ ಏನು ಮಾಡಬಹುದು? ಎರಡು ದಾರಿಗಳಿವೆ. ಒಂದು, ಹಣಕ್ಕಾಗಿ ಹಿಂಸೆ ಕೊಟ್ಟು ಬಲವಂತ ಮಾಡಿದರೆ ಅದೇ ೮೬ನೇ ಕಲಮಿನ ಪ್ರಕಾರ ಕ್ರೌರ್ಯ. ಇನ್ನೊಂದು, ೨೦೦೫ರ ಕೌಟುಂಬಿಕ ಹಿಂಸೆ ಕಾಯ್ದೆ. ಅದು ೨೦೦೬ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಹೊಡೆತ, ಬೈಗುಳ, ಲೈಂಗಿಕ ಹಿಂಸೆಯ ಜೊತೆಗೆ ಆರ್ಥಿಕ ಹಿಂಸೆ ಎಂಬುದನ್ನೂ ಆ ಕಾಯ್ದೆ ಹೆಸರಿಟ್ಟು ಕರೆದಿದೆ. ನಿಮಗೆ ಹಕ್ಕಿರುವ ಹಣವನ್ನು, ಒಡವೆಯನ್ನು, ವಸ್ತುವನ್ನು ನಿಮ್ಮಿಂದ ದೂರವಿಡುವುದು ಹಿಂಸೆ. ಮೈಮೇಲೆ ಗಾಯವೇ ಬೇಕಿಲ್ಲ. ಮಕ್ಕಳ ಅಭಿವೃದ್ಧಿ ಯೋಜನಾಧಿಕಾರಿ, ನಮ್ಮ ಅಂಗನವಾಡಿ ಟೀಚರ್ ಬಾಯಲ್ಲಿ ಸಿ.ಡಿ.ಪಿ.ಓ., ಅವರೇ ಇಲ್ಲಿ ರಕ್ಷಣಾಧಿಕಾರಿ. ಅವರು ಬರೆಯುವ ವರದಿಯೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹೋಗುತ್ತದೆ. ಅರವತ್ತು ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅರವತ್ತು ದಿನದಲ್ಲಿ ಮುಗಿದ ಕೇಸನ್ನು ನಾನಂತೂ ನೋಡಿಲ್ಲ. ಸುಳ್ಳು ಆಸೆ ಹುಟ್ಟಿಸಲು ನಾನಿಲ್ಲಿ ಬಂದಿಲ್ಲ. ಆದರೆ ಮಧ್ಯಂತರ ಆದೇಶ ಬೇಗ ಕೇಳಬಹುದು, ಕೇಳಿ ಪಡೆದವರಿದ್ದಾರೆ. "ನೀನು ದುಡಿಯುತ್ತೀಯಲ್ಲ, ನಿನಗ್ಯಾಕೆ ಜೀವನಾಂಶ" ಎನ್ನುವವರಿಗೂ ಉತ್ತರವಿದೆ. ಹೆಂಡತಿ ದುಡಿಯುತ್ತಾಳೆ ಎಂಬುದೊಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲ ಎಂದು ೨೦೨೦ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ದೂರು ಬರೆಯುವಾಗ ಒಂದು ಎಚ್ಚರ. ಕೋಪದಲ್ಲಿ ಗಂಡನ ಮನೆಯ ಎಲ್ಲರ ಹೆಸರನ್ನೂ, ದೂರದ ಊರಿನ ನಾದಿನಿಯ ಹೆಸರನ್ನೂ ಸೇರಿಸಿಬಿಡುತ್ತೇವೆ. ಯಾರು ಏನು ಮಾಡಿದರೆಂದು ಬಿಡಿಸಿ ಹೇಳದೆ ಎಲ್ಲರನ್ನೂ ಎಳೆಯುವುದು ಸಲ್ಲದು ಎಂದು ೨೦೨೪ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ತಿಂಗಳು ಈ ಕಾನೂನಿನ ದುರುಪಯೋಗದ ಬಗ್ಗೆ ಊರೆಲ್ಲ ಮಾತಾಯಿತು. ಒಬ್ಬಳ ಸಾವಿನ ಬಗ್ಗೆ ಅಷ್ಟು ದಿನ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ, ಆ ಮಾತು ಇರಲಿ. ಆದರೆ ಕೋರ್ಟಿನ ಎಚ್ಚರಿಕೆ ನಮ್ಮ ಕೆಲಸಕ್ಕೂ ಬರುತ್ತದೆ. ಯಾವ ದಿನ, ಯಾರು, ಏನೆಂದು ಕೇಳಿದರು, ಎಷ್ಟು ತೆಗೆದುಕೊಂಡರು ಎಂದು ಬರೆಯಿರಿ. ಅದನ್ನು ಬರೆಯಲು ಏನು ಬೇಕು? ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು. ಅದಕ್ಕೇ ನಾನು ಚೀಟಿಯಿಂದ ಶುರು ಮಾಡಿದ್ದು.

ಈಗ ಮನೆಯಿಂದ ಫ್ಯಾಕ್ಟರಿಗೆ ಹೋಗೋಣ. ಬೆಳಿಗ್ಗೆ ಮೂಡಲಪಾಳ್ಯದ ಸರ್ಕಲ್ಲಿನಲ್ಲಿ ನಿಂತರೆ ಊಟದ ಡಬ್ಬಿ ಹಿಡಿದು ಓಡುವ ನಮ್ಮನ್ನೇ ನಾವು ನೋಡಬಹುದು. ಕಾಮಾಕ್ಷಿಪಾಳ್ಯಕ್ಕೆ, ಮಾಗಡಿ ರಸ್ತೆಗೆ, ಮೈಸೂರು ರಸ್ತೆಗೆ. ಗಂಡ ಕಿತ್ತುಕೊಳ್ಳುವ ಮೊದಲೇ ಆ ಸಂಬಳದಲ್ಲಿ ಒಂದಷ್ಟು ಅಲ್ಲೇ ಕರಗುತ್ತದೆ. ಹೇಗೆಂದು ಹೇಳುತ್ತೇನೆ.

೨೦೧೬ರ ಏಪ್ರಿಲ್ ೧೮ ಮತ್ತು ೧೯. ಆ ಎರಡು ದಿನ ಬೆಂಗಳೂರು ನಮ್ಮನ್ನು ನೋಡಿತು. ಅಲ್ಲಿಯವರೆಗೆ ನಾವು ಇದ್ದೇವೆಂದೇ ಈ ಊರಿಗೆ ಗೊತ್ತಿರಲಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿ ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟವರು ತಮ್ಮ ಪಾಲಿನ ಹಣವನ್ನಷ್ಟೇ ತೆಗೆದುಕೊಳ್ಳಬಹುದು, ಮಾಲೀಕರ ಪಾಲು ೫೮ ವರ್ಷ ತುಂಬಿದ ಮೇಲೆ ಮಾತ್ರ ಎಂದು. ಗಾರ್ಮೆಂಟ್ಸಿನಲ್ಲಿ ೫೮ ವರ್ಷದ ಟೈಲರನ್ನು ಯಾರಾದರೂ ನೋಡಿದ್ದೀರಾ? ನಲವತ್ತಕ್ಕೇ ಕಣ್ಣು ಮಂಜು, ಸೊಂಟ ಬಿದ್ದುಹೋಗಿರುತ್ತದೆ. ಹಾಗಾದರೆ ಆ ಹಣ ಯಾರಿಗೆ?

ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಹೊಸೂರು ರಸ್ತೆಯ ಬೊಮ್ಮನಹಳ್ಳಿ ಕಡೆ ಮಿಷನ್ ಬಿಟ್ಟು ಎದ್ದ ಹೆಂಗಸರು ರಸ್ತೆಯಲ್ಲಿ ಕೂತರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸು, ತುಮಕೂರು ರಸ್ತೆಯವರೆಗೂ ಅದು ಹಬ್ಬಿತು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಬಸ್ಸುಗಳು ಸುಟ್ಟವು. ಅನೇಕರ ಮೇಲೆ ಕೇಸುಗಳಾದವು. ೧೯ರ ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆಯನ್ನು ಹಿಂತೆಗೆದುಕೊಂಡದ್ದಾಗಿ ಹೇಳಿದರು. ದೊಡ್ಡ ದೊಡ್ಡ ಸಂಘಟನೆಗಳು ಮನವಿ ಕೊಟ್ಟು ಕೊಟ್ಟು ಆಗದ ಕೆಲಸ ಎರಡು ದಿನದಲ್ಲಿ ಆಯಿತು.

ಆ ದಿನಗಳ ನಂತರ ನಾನು ಜೊತೆಯವರನ್ನು ಕೇಳುತ್ತಿದ್ದೆ, "ಪಿ.ಎಫ್. ಹಣ ಬಂದರೆ ಏನು ಮಾಡ್ತೀಯೇ?" ಮಗನ ಸ್ಕೂಲ್ ಫೀಸು ಅನ್ನುತ್ತಿದ್ದರು. ಬಾಡಿಗೆ ಮನೆಯ ಅಡ್ವಾನ್ಸು, ಊರಿನಲ್ಲಿ ಅಪ್ಪನ ಸಾಲ, ಗಂಡನ ಆಪರೇಷನ್ನು. ಒಬ್ಬಾಕೆ ಮಾತ್ರ ತಲೆ ತಗ್ಗಿಸಿ, "ಮಗಳ ಮದುವೆಗೆ ಅಕ್ಕ, ಗಂಡಿನ ಕಡೆಯವರು ಕೇಳಿದ್ದಾರೆ" ಅಂದಳು. ಲಾಠಿ ಏಟು ತಿಂದು ಉಳಿಸಿಕೊಂಡ ಹಣ ಮತ್ತೆ ವರದಕ್ಷಿಣೆಗೇ ಹೊರಟಿತ್ತು. ನನಗೆ ಬೈಯಬೇಕೆನಿಸಿತು, ಬಾಯಿ ಬರಲಿಲ್ಲ. ಆಕೆಯ ಜಾಗದಲ್ಲಿದ್ದರೆ ನಾನೇನು ಮಾಡುತ್ತಿದ್ದೆ ಎಂದು ಇವತ್ತಿಗೂ ಖಾತ್ರಿಯಿಲ್ಲ.

ಪಿ.ಎಫ್. ವಿಷಯದಲ್ಲಿ ಇನ್ನೂ ಒಂದು ಸಂಗತಿ. ಫ್ಯಾಕ್ಟರಿಯಲ್ಲಿ ಸೇರುವಾಗ ಕಾಗದಗಳ ಕಟ್ಟೊಂದಕ್ಕೆ ಸಹಿ ಹಾಕಿಸುತ್ತಾರೆ. ಅದರಲ್ಲಿ ನಾಮನಿರ್ದೇಶನದ ಫಾರಂ ಇರುತ್ತದೆ. ನೀವು ತೀರಿಕೊಂಡರೆ ಹಣ ಯಾರಿಗೆ ಎಂಬ ಫಾರಂ. ಮದುವೆಗೆ ಮುಂಚೆ ಅಮ್ಮನ ಹೆಸರು ಬರೆದಿರುತ್ತೀರಿ. ಮದುವೆಯಾದ ಮೇಲೆ ಅದು ನಿಲ್ಲುವುದಿಲ್ಲ, ಹೊಸದಾಗಿ ಬರೆಯಬೇಕು. ಆಗ ಮನೆಯವರು ಹೇಳಿದ ಹೆಸರು ಬೀಳುತ್ತದೆ. ದಿನವೂ ಹೊಡೆಯುವ ಗಂಡನ ಹೆಸರೇ ವಾರಸುದಾರನೆಂದು ಬರೆದಿರುವ ಎಷ್ಟು ಫಾರಂಗಳು ಆ ಕಚೇರಿಯಲ್ಲಿರಬಹುದು, ಯೋಚಿಸಿ.

ಆದರೆ ೧೯೫೨ರ ಪಿ.ಎಫ್. ಯೋಜನೆಯಲ್ಲೇ ಒಂದು ಮಾತು ಬರೆದಿದೆ. ನನಗೆ ಇದನ್ನು ತೋರಿಸಿದವರು ಕಚೇರಿಯ ಒಬ್ಬ ಹಿರಿಯ ಗುಮಾಸ್ತೆ. ಹೆಣ್ಣು ಸದಸ್ಯೆಯ ಕುಟುಂಬವೆಂದರೆ ಗಂಡ, ಮಕ್ಕಳು, ಅವಳನ್ನು ನಂಬಿದ ತಂದೆ ತಾಯಿ, ಗಂಡನನ್ನು ನಂಬಿದ ಅವನ ತಂದೆ ತಾಯಿ. ಆದರೆ ಆಕೆ ತನ್ನ ಗಂಡನನ್ನು ಕುಟುಂಬದಿಂದ ಹೊರಗಿಡಬೇಕೆಂದು ಕಮಿಷನರಿಗೆ ಲಿಖಿತವಾಗಿ ತಿಳಿಸಿದರೆ, ಗಂಡನೂ ಅವನ ತಂದೆ ತಾಯಿಯೂ ಆ ಲೆಕ್ಕದಿಂದ ಹೊರಗೆ. ಮನಸ್ಸು ಬದಲಾದರೆ ಆಕೆಯೇ ಅದನ್ನು ಲಿಖಿತವಾಗಿ ರದ್ದು ಮಾಡಬಹುದು. ಇದಕ್ಕೆ ವಿಚ್ಛೇದನ ಬೇಡ, ಕೋರ್ಟು ಬೇಡ, ಗಂಡನ ಒಪ್ಪಿಗೆಯೂ ಬೇಡ. ಒಂದು ಕಾಗದ ಸಾಕು. ಅಷ್ಟು ವರ್ಷಗಳಿಂದ ಅಲ್ಲಿ ಬರೆದಿಟ್ಟಿದ್ದಾರೆ, ನಾನು ದುಡಿದ ಹದಿನಾಲ್ಕು ವರ್ಷದಲ್ಲಿ ಒಬ್ಬ ಎಚ್.ಆರ್. ಮೇಡಂ ಕೂಡ ಹೇಳಿರಲಿಲ್ಲ. ಹೇಳಲಿಲ್ಲವೆಂದು ಅವರ ಮೇಲೆ ಕೋಪವಿಲ್ಲ, ಅವರ ಫಾರಂನಲ್ಲಿ ಯಾರ ಹೆಸರಿದೆಯೋ ಯಾರು ಬಲ್ಲರು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯ ಕೆಳಗೆ ಯೋಜನೆಗಳನ್ನು ಮತ್ತೆ ಬರೆಯಬೇಕಿದೆ, ಆದ್ದರಿಂದ ಕಾಗದ ಕೊಡುವ ಮುನ್ನ ಅಂದಿನ ನಿಯಮ ಕೇಳಿ ತಿಳಿದುಕೊಳ್ಳಿ.

ಇನ್ನು ತುಟ್ಟಿಭತ್ಯೆಯ ಕಥೆ. ಕನಿಷ್ಠ ವೇತನದ ಜೊತೆ ಬೆಲೆ ಏರಿದಂತೆ ಭತ್ಯೆ ಏರಬೇಕು. ೨೦೨೦ರಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಆ ವರ್ಷದ ಏರಿಕೆಯನ್ನು ಮುಂದೂಡಿ ರಾಜ್ಯ ಸರ್ಕಾರ ಆದೇಶ ಮಾಡಿತು. ತಿಂಗಳಿಗೆ ಸುಮಾರು ೪೧೭ ರೂಪಾಯಿ. ಮಾಲೀಕರ ಸಂಘಕ್ಕೆ ಇದೇನು ಮಹಾ ಎನಿಸಬಹುದು, ನಮಗೆ ಅದು ಅರ್ಧ ತಿಂಗಳ ಹಾಲು. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು, ಸೆಪ್ಟೆಂಬರ್‌ನಲ್ಲಿ ಆದೇಶಕ್ಕೆ ತಡೆ ಬಂತು. ತಡೆ ಬಂದ ಮೇಲೂ ಎಷ್ಟೋ ಫ್ಯಾಕ್ಟರಿಗಳು ಕೊಡಲಿಲ್ಲ. ೨೦೨೨ರ ಆರಂಭದಲ್ಲಿ, ಹೊರದೇಶದ ಬ್ರ್ಯಾಂಡುಗಳ ಮೇಲೂ ಒತ್ತಡ ಬಿದ್ದ ನಂತರ, ದೊಡ್ಡ ಕಂಪನಿಯೊಂದು ಬಾಕಿ ಪಾವತಿಗೆ ಒಪ್ಪಿತು. ಈ ಮಧ್ಯೆ ಚೀಟಿ ನೋಡದೆ ಇದ್ದವಳಿಗೆ ತನಗೆ ೪೧೭ ರೂಪಾಯಿ ಬಾಕಿಯಿದೆ ಎಂಬುದೇ ಗೊತ್ತಿರಲಿಲ್ಲ. ಬಾಕಿ ಬಂದಾಗಲೂ ಕೆಲವರ ಮನೆಯಲ್ಲಿ ಅದನ್ನು ಮೊದಲು ಎಣಿಸಿದವನು ಗಂಡ.

೨೦೨೫ರ ನವೆಂಬರ್ ೨೧ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ೨೯ ಹಳೆಯ ಕಾಯ್ದೆಗಳು ಅದರೊಳಗೆ ಸೇರಿಹೋದವು. ಕಾರ್ಮಿಕ ಸಂಘಗಳು ಇದನ್ನು ವಿರೋಧಿಸಿದವು, ನನ್ನ ವಿರೋಧವೂ ಇದೆ. ಮುನ್ನೂರಕ್ಕಿಂತ ಕಡಿಮೆ ಕೆಲಸಗಾರರಿರುವ ಫ್ಯಾಕ್ಟರಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮುಚ್ಚಬಹುದು, ಮೊದಲು ಈ ಮಿತಿ ನೂರು ಇತ್ತು. ಮುಷ್ಕರಕ್ಕೆ ೧೪ ದಿನ ಮೊದಲು ನೋಟಿಸು ಬೇಕು. ೨೦೧೬ರ ಏಪ್ರಿಲ್ ೧೮ರಂದು ಯಾರು ನೋಟಿಸು ಕೊಟ್ಟಿದ್ದರು? ಆದರೂ ನಮ್ಮ ಕೈಗೆ ಹತ್ತುವ ಕೆಲವು ಸಂಗತಿ ಅದರಲ್ಲಿವೆ, ಅವನ್ನು ಬಿಡಬಾರದು. ಮಾಲೀಕ ಸಂಬಳದ ಚೀಟಿ ಕೊಡಲೇಬೇಕು. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಬರಬೇಕು. ಕೆಲಸ ಬಿಟ್ಟರೆ ಅಥವಾ ತೆಗೆದರೆ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಮಾಡಬೇಕು. ಓವರ್‌ಟೈಮಿಗೆ ಎರಡರಷ್ಟು. ಬಾಕಿ ಸಂಬಳಕ್ಕೆ ಅರ್ಜಿ ಹಾಕಲು ಮೂರು ವರ್ಷ ಸಮಯ. ಐದು ವರ್ಷ ತುಂಬುವ ಮೊದಲೇ ರಾಜೀನಾಮೆ ಬರೆಸಿಕೊಂಡು, ಗ್ರಾಚ್ಯುಟಿ ತಪ್ಪಿಸಿ, ಮತ್ತೆ ಹೊಸಬಳೆಂದು ಸೇರಿಸಿಕೊಳ್ಳುವ ಆಟ ನಮಗೆಲ್ಲ ಗೊತ್ತು. ನನ್ನಿಂದಲೂ ಬರೆಸಿಕೊಂಡಿದ್ದರು. ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರಿದವರಿಗೆ ಈಗ ಒಂದು ವರ್ಷಕ್ಕೇ ಗ್ರಾಚ್ಯುಟಿ ಲೆಕ್ಕ ಸಿಗುತ್ತದೆ. ಉಳಿದವರಿಗೆ ಐದೇ ವರ್ಷ. ನಿಮ್ಮ ನೇಮಕದ ಪತ್ರ ಏನು ಹೇಳುತ್ತದೆ ನೋಡಿಕೊಳ್ಳಿ.

ಈಗ ಸ್ವಲ್ಪ ಕಹಿ ಮಾತು. ಇಲ್ಲಿಯವರೆಗೆ ಗಂಡನನ್ನು ಬೈದೆ, ಮಾಲೀಕನನ್ನು ಬೈದೆ, ನೀವೂ ತಲೆದೂಗಿದಿರಿ. ನಮ್ಮ ಸಂಘಗಳಲ್ಲೇ ಈಗ ಮಾಲೀಕರಿದ್ದೇವೆ. ಈ ಗಲ್ಲಿಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮಿಷನ್, ಆರು ಮಿಷನ್ ಹಾಕಿ ಲಂಗ, ನೈಟಿ, ಸ್ಕೂಲ್ ಯೂನಿಫಾರಂ ಹೊಲಿಸುವವರು ಇಲ್ಲೇ ಕೂತಿದ್ದೀರಿ. ಬ್ಯಾಂಕಿನ ಸಾಲ ಪಡೆದು ಕಟ್ಟಿದ ಘಟಕಗಳು, ನಮ್ಮ ಹೆಮ್ಮೆ. ಕೆಲವು ವರ್ಷಗಳ ಹಿಂದೆ ನಮ್ಮ ಸಂಘವೂ ಹೀಗೆ ಒಂದು ಯೂನಿಫಾರಂ ಆರ್ಡರ್ ಹಿಡಿಯಿತು. ಏಳು ಹೆಂಗಸರನ್ನು ಪೀಸ್ ರೇಟಿಗೆ ಇಟ್ಟೆವು. ಆರ್ಡರ್ ಮುಗಿಸುವ ಆತುರದಲ್ಲಿ ರಾತ್ರಿ ಒಂಬತ್ತರವರೆಗೆ ಕೂರಿಸಿದೆವು. ರಿಜಿಸ್ಟರ್ ಇಡಲಿಲ್ಲ, ಚೀಟಿ ಕೊಡಲಿಲ್ಲ. ಒಬ್ಬಳ ಗಂಡ ಬಂದು, "ಅವಳ ದುಡ್ಡು ನನ್ನ ಕೈಗೆ ಕೊಡಿ" ಅಂದ. ಗಲಾಟೆ ಬೇಡವೆಂದು ಕೊಟ್ಟೆವು. ಕೊಟ್ಟವಳು ನಾನೇ. ಆಕೆ ಮರುದಿನ ಬಂದು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಅವತ್ತು ನಾನು ಗಂಡನ ಕೆಲಸವನ್ನೂ ಮಾಲೀಕನ ಕೆಲಸವನ್ನೂ ಒಟ್ಟಿಗೆ ಮಾಡಿದ್ದೆ.

ಹಾಗಾಗಿ ಘಟಕ ನಡೆಸುವವರಿಗೆ ನನ್ನ ಮಾತು ಇಷ್ಟು. ವೇತನ ಸಂಹಿತೆ ಒಬ್ಬಳೇ ಕೆಲಸದಾಕೆ ಇದ್ದರೂ ಅನ್ವಯಿಸುತ್ತದೆ. "ನಾವು ಚಿಕ್ಕವರು" ಎಂಬ ಮಾತು ಅಲ್ಲಿ ನಡೆಯದು. ಹತ್ತು ಜನರಾದರೆ ಇ.ಎಸ್.ಐ., ಇಪ್ಪತ್ತಾದರೆ ಪಿ.ಎಫ್. ಹತ್ತು ಜನರಾದರೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ೨೦೧೩ರ ಕಾಯ್ದೆಯ ಪ್ರಕಾರ ಸಮಿತಿ ಮಾಡದ ಮಾಲೀಕರಿಗೆ ೫೦,೦೦೦ ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇದ್ದ ಕಡೆಯವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳ ಒಳಗೆ, ಬರಹದಲ್ಲಿ. ಬಟ್ಟೆಯ ಲಾಟು ತರುವ ಕಾಂಟ್ರ್ಯಾಕ್ಟರ್ ಕೈ ತಾಗಿಸಿದರೆ "ಆರ್ಡರ್ ಹೋಗುತ್ತೆ, ಸುಮ್ಮನಿರು" ಎಂದು ನಾವೇ ಹುಡುಗಿಯರಿಗೆ ಹೇಳಬಾರದು. ತಿಂಗಳ ಮುಟ್ಟಿನ ರಜೆಯ ಬಗ್ಗೆಯೂ ಕೇಳುತ್ತಿದ್ದಿರಿ. ವರ್ಷಕ್ಕೆ ೧೨ ದಿನ ಸಂಬಳ ಸಹಿತ ರಜೆಗೆ ರಾಜ್ಯ ಸರ್ಕಾರ ೨೦೨೫ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು, ಹೋಟೆಲ್ ಮಾಲೀಕರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಮಾಲೀಕರು ಪ್ರಶ್ನಿಸಿದ್ದು ಆಶ್ಚರ್ಯವಲ್ಲ. ನಮ್ಮ ಘಟಕದಲ್ಲಿ ಆ ರಜೆ ಕೊಡಲು ನಾವು ಕೋರ್ಟಿಗೆ ಕಾಯಬೇಕೆ ಎಂದು ನೀವೇ ನಿಮ್ಮ ಸಂಘದಲ್ಲಿ ಮಾತಾಡಿಕೊಳ್ಳಿ.

ಕೊನೆಗೆ ಕಫ್ ಹೊಲಿಯುತ್ತಿದ್ದ ಆ ಗೆಳತಿಯ ವಿಷಯ. ಒಂದು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದಳು. ನಾನೂ ಜೊತೆಗಿದ್ದೆ. ಹಳೆಯ ಕಾರ್ಡನ್ನು ನಿಲ್ಲಿಸಿ ಹೊಸದನ್ನು ಕೇಳಿದಳು, ಮೊಬೈಲ್ ನಂಬರನ್ನು ತನ್ನದಕ್ಕೆ ಬದಲಿಸಿದಳು. ಅರ್ಜಿಯಲ್ಲಿ ಸಹಿ ಹಾಕುವಾಗ ಕೈ ನಡುಗಿ ಸಹಿ ಹೊಂದಲಿಲ್ಲ, ಎರಡನೇ ಸಲ ಹಾಕಿದಳು. ಆ ಏಳನೇ ತಾರೀಖು ರಾತ್ರಿ ಅವನು ಅವಳ ಕೈ ತಿರುಚಿ ಮುರಿದ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಹೇಗಾಯಿತೆಂದು ಡಾಕ್ಟರ್ ಕೇಳಿದಾಗ ಆಕೆ "ಮೆಟ್ಟಿಲಿಂದ ಬಿದ್ದೆ" ಎನ್ನಲಿಲ್ಲ, ಆದದ್ದನ್ನೇ ಹೇಳಿ ಬರೆಸಿದಳು. ಆ ಕಾಗದ, ಎರಡು ವರ್ಷದ ಪಾಸ್‌ಬುಕ್ಕು, ಸಂಬಳದ ಚೀಟಿಗಳು, ಅಷ್ಟನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ರಕ್ಷಣಾಧಿಕಾರಿಯ ಬಳಿ ಹೋದೆವು. ಕೋರ್ಟಿನಿಂದ ರಕ್ಷಣಾ ಆದೇಶ ಸಿಕ್ಕಿತು. ದೊಡ್ಡ ಕೇಸು ಇನ್ನೂ ನಡೆಯುತ್ತಿದೆ, ವಾಯಿದೆಯ ಮೇಲೆ ವಾಯಿದೆ. ಈಗ ಆಕೆ ಮಗಳೊಂದಿಗೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಕೈ ಪೂರ್ತಿ ಸರಿಹೋಗಿಲ್ಲ, ಕಫ್ ಬಿಟ್ಟು ಚೆಕಿಂಗ್ ಕೆಲಸ ಮಾಡುತ್ತಾಳೆ. ಸಂಬಳ ಸ್ವಲ್ಪ ಕಡಿಮೆ. ಇವತ್ತು ಬರುತ್ತೇನೆ ಎಂದಿದ್ದಳು, ಮಗಳಿಗೆ ಜ್ವರವಂತೆ.

ತುರ್ತಿಗೆ ೧೧೨, ಮಹಿಳಾ ಸಹಾಯವಾಣಿ ೧೮೧, ಉಚಿತ ಕಾನೂನು ನೆರವಿಗೆ ೧೫೧೦೦. ನಂಬರುಗಳನ್ನು ಗೋಡೆಯ ಮೇಲೆ ಬರೆದಿದ್ದೇವೆ, ಫೋನಿನಲ್ಲಿ ಗಂಡನಿಗೆ ಕಾಣದ ಹೆಸರಿನಲ್ಲಿ ಇಟ್ಟುಕೊಳ್ಳಿ. ಚಹಾ ಬಂದಿದೆ. ಸಂಬಳದ ಚೀಟಿ ತಂದವರು ಈ ಮೂಲೆಗೆ ಬನ್ನಿ, ಒಂದೊಂದೇ ಓದೋಣ. ತರದವರು ಮುಂದಿನ ಭಾನುವಾರ ತನ್ನಿ. ಪಿ.ಎಫ್. ನಾಮನಿರ್ದೇಶನದ ಫಾರಂ ಇಪ್ಪತ್ತು ಪ್ರತಿ ತಂದಿದ್ದೇನೆ, ಆ ಕಿಟಕಿಯ ಬಳಿ ಇವೆ.